ಕಾರವಾರದ ಉಪ್ಪುಗಾಳಿಗೆ ಇನ್‌ಲೈನ್ ಸ್ಕೇಟ್: ಬೂಟು ಸರಿ, ಬೇರಿಂಗ್ ಬದಲಿಸಿ

ಡಿಸೆಂಬರ್ ಕೊನೆಗೆ 20 ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಶುರುವಾದರೆ ಮಕ್ಕಳಿಗೆ ಸ್ಕೇಟ್ ಹುಚ್ಚು ಹತ್ತುತ್ತದೆ. ಕಾರವಾರದಲ್ಲಿ ಐಸ್ ಇರುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಹಾಗಾಗಿ ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟೇ ಗತಿ.

ಇಲ್ಲಿ ಪರೀಕ್ಷಿಸಿದ, ಅಳತೆ ಹಿಗ್ಗಿಸಬಹುದಾದ ಅಗ್ಗದ ಸ್ಕೇಟ್ ಜೋಡಿಯ ಬೂಟು ಗಟ್ಟಿಯಾಗಿದೆ, 82ಎ ಗಡಸಿನ (ಅಂಕಿ ಹೆಚ್ಚಿದಷ್ಟೂ ಗಡಸು) ಚಕ್ರ ಸಿಮೆಂಟ್ ಅಂಗಳಕ್ಕೆ ಸಾಕು. ಸೋತಿರುವುದು ಬೇರಿಂಗ್, ಅಂದರೆ ಚಕ್ರದ ನಡುವೆ ಕೂತು ಅದನ್ನು ಸರಾಗವಾಗಿ ತಿರುಗಿಸುವ ಗುಂಡುಗಳ ಉಂಗುರ. ಎಂಟು ಚಕ್ರಕ್ಕೆ ಒಟ್ಟು 16, ಎಲ್ಲವೂ 608 ಅಳತೆ: ಒಳರಂಧ್ರ 8 ಮಿ.ಮೀ., ಹೊರಸುತ್ತು 22, ದಪ್ಪ 7. ಬರಿಯ ತಗಡಿನ ಮುಚ್ಚಳದ ಸಂದಿಯಿಂದ ಮರಳು, ಉಪ್ಪಿನ ತೇವ ಒಳಸೇರಿ ತುಕ್ಕು ಹಿಡಿಯುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಹಾಕಿಸಿ. ಚಕ್ರದ ಎರಡು ಬೇರಿಂಗ್‌ಗಳ ನಡುವೆ ಅಂತರ ಕಾಯುವ ಸ್ಪೇಸರ್ ಕೊಳವೆ ಹಾಕದೆ ಬೋಲ್ಟ್ ಬಿಗಿದರೆ ಚಕ್ರ ತಿರುಗುವುದಿಲ್ಲ. ತೆಂಗಿನೆಣ್ಣೆ ಬಿಡಲೇಬೇಡಿ, ಮರಳು ಅಂಟಿಕೊಳ್ಳುತ್ತದೆ. ಒಳಬದಿ ಬೇಗ ಸವೆಯುವ ಚಕ್ರಗಳನ್ನು ಆಗಾಗ ಬಲ-ಎಡ ಅದಲುಬದಲು ಮಾಡಿ.

ಹಿಮ್ಮಡಿಯ ಬ್ರೇಕ್ ಕಾಲು ದಾಟಿಸಿ ತಿರುಗುವಾಗ ತಗಲುತ್ತದೆ. ಆದರೂ ಒಂದು ಪಾದ ಅಡ್ಡ ಎಳೆದು ನಿಲ್ಲಲು ಕಲಿಯುವವರೆಗೆ ಬಿಚ್ಚಬೇಡಿ.

ಜೊತೆಗೆ ಐಸ್ ಹಾಕಿ ಪಕ್ ಕೊಳ್ಳುವುದು ದಂಡ. 156ರಿಂದ 170 ಗ್ರಾಂ ತೂಗುವ ಆ ರಬ್ಬರ್ ಬಿಲ್ಲೆ ಸಿಮೆಂಟ್ ಮೇಲೆ ಜಾರದೆ ಮುಗ್ಗರಿಸುತ್ತದೆ. ಹಾಕಿ ಚೆಂಡೇ ಸಾಕು.