ಕಾಫಿಪುಡಿ ಅಂಗಡಿಯ ಗಿರಾಕಿ ಪುಸ್ತಕ ಫೋನಿಗೆ ಬಂದಾಗ: ಒಂದು ವರ್ಷದ ಬಳಕೆಯ ವಿಮರ್ಶೆ

ಮೈಸೂರಿನ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಉದ್ದನೆಯದೊಂದು ನೋಟ್‌ಬುಕ್ ಇದೆ. ಯಾರ ಮನೆಗೆ ಯಾವ ಪುಡಿ ಎಂಬುದನ್ನು ತಂದೆಯವರು ಅದರಲ್ಲಿ ಬರೆದಿಡುತ್ತ ಬಂದಿದ್ದಾರೆ. ಒಂದು ಮನೆಗೆ ಪೀಬೆರಿ ಮತ್ತು ಪ್ಲಾಂಟೇಷನ್ ಎ ಎಂಬ ಎರಡು ಬಗೆಯ ಕಾಫಿಬೀಜ ಸಮಪಾಲು, ಚಿಕೋರಿ ಶೇ. 20, ಇನ್ನೊಂದು ಮನೆಗೆ ಚಿಕೋರಿಯೇ ಬೇಡ, ಮತ್ತೊಬ್ಬರ ಹಳೆಯ ಫಿಲ್ಟರಿನ ತೂತು ದೊಡ್ಡದಾದ್ದರಿಂದ ಪುಡಿ ಸ್ವಲ್ಪ ತರಿಯಾಗಿರಬೇಕು. ಸುಮಾರು 400 ಮನೆಗಳ ಈ ವಿವರವನ್ನು ಫೋನಿಗೆ ತಂದು, ಅದರ ಆಧಾರದ ಮೇಲೆಯೇ ಗಿರಾಕಿಗಳಿಗೆ ಸಂದೇಶ ಕಳಿಸಬೇಕೆಂದು ಕಳೆದ ವರ್ಷ ಹೊರಟೆವು. ಮೊದಲು ವಾಟ್ಸಾಪ್ ಬಿಸಿನೆಸ್ ಆ್ಯಪ್, ನಂತರ ಬಿಲ್ಲು ಮತ್ತು ಸಂದೇಶ ಎರಡನ್ನೂ ಜೋಡಿಸುವ ಚಂದಾ ತಂತ್ರಾಂಶವೊಂದು, ಹೀಗೆ ಎರಡನ್ನು ಬಳಸಿದ್ದೇವೆ.

ವಾಟ್ಸಾಪ್ ಬಿಸಿನೆಸ್ 2018ರಿಂದ ಭಾರತದಲ್ಲಿದೆ, ಉಚಿತವಾಗಿದೆ, ಮತ್ತು ಸಣ್ಣ ಅಂಗಡಿಯವರು ಕಣ್ಣು ಮುಚ್ಚಿ ಹಾಕಿಕೊಳ್ಳಬಹುದಾದ ಆ್ಯಪ್ ಎಂಬುದು ನನ್ನ ಅಭಿಪ್ರಾಯ. ಪುಡಿಯ ಬಗೆಗೊಂದು ಲೇಬಲ್ ಮಾಡಿ ಗಿರಾಕಿಗಳನ್ನು ಗುರುತಿಸಿಟ್ಟೆವು. ಕ್ಯಾಟಲಾಗಿನಲ್ಲಿ ಫೋಟೊ ಮತ್ತು ದರ ಹಾಕಿದೆವು. ಹೆಚ್ಚು ಉಪಯೋಗಕ್ಕೆ ಬಂದದ್ದು ಸಿದ್ಧ ಉತ್ತರಗಳನ್ನು ಉಳಿಸಿಡುವ ಸೌಲಭ್ಯ. ಚಿಕೋರಿ ಎಷ್ಟು ಹಾಕುತ್ತೀರಿ ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಚಿಕೋರಿಯ ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಲೇಬೇಕು ಎಂಬ ನಿಯಮವನ್ನೂ ಸೇರಿಸಿ ಬರೆದಿಟ್ಟ ಉತ್ತರ ಈಗ ಒಂದೇ ಒತ್ತಿಗೆ ಹೋಗುತ್ತದೆ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರಿಗಷ್ಟೇ ಜಾಗ, ಅದೂ ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ಹಲವರು ಕೊರತೆ ಎನ್ನುತ್ತಾರೆ, ನನಗೆ ಹಾಗೆನಿಸುವುದಿಲ್ಲ. ನಂಬರ್ ಉಳಿಸಿಕೊಂಡವರು ನಮ್ಮ ಅಂಗಡಿ ಬೇಕೆಂದುಕೊಂಡವರೇ ತಾನೆ.

ನಿಜವಾದ ಕೊರತೆ ಬೇರೆ. ಕೌಂಟರಿನಲ್ಲಿ ಯಾರು ಯಾವಾಗ ಎಷ್ಟು ಕೊಂಡರು ಎಂಬುದು ಈ ಆ್ಯಪಿಗೆ ಗೊತ್ತಿಲ್ಲ. ನಿನ್ನೆ ಅರ್ಧ ಕೆಜಿ ಕೊಂಡು ಹೋದವರಿಗೆ ಇವತ್ತು ‘ಪುಡಿ ಬೇಕೇ’ ಎಂದು ಕೇಳಿದರೆ ಅವರಿಗೆ ಹೇಗನಿಸಬೇಡ? ಈ ಕಾರಣಕ್ಕೇ ಚಂದಾ ತಂತ್ರಾಂಶದ ಮೊರೆ ಹೋದೆವು.

ಬಿಲ್ಲು ಹಾಕುವಾಗ ನಂಬರ್ ಸೇರಿಸಿದರೆ ಸಾಕು, ಆ ಮನೆಗೆ ಅರ್ಧ ಕೆಜಿ ಎಷ್ಟು ದಿನ ಬರುತ್ತದೆಂದು ತಂತ್ರಾಂಶ ಹಿಂದಿನ ಬಿಲ್ಲುಗಳಿಂದ ಲೆಕ್ಕ ಹಾಕುತ್ತದೆ. 25 ದಿನ ಬರುವ ಮನೆಗೆ 22ನೆಯ ದಿನ ಸಂದೇಶ ಹೋಗುತ್ತದೆ. ‘ಮಾಡಿಡಿ, ಸಂಜೆ ಬರ್ತೀನಿ’ ಎಂಬ ಉತ್ತರ ಬರುತ್ತದೆ. ಪುಡಿ ಮಾಡಿದ ಕಾಫಿಯ ಘಮ ಬೇಗ ಇಳಿದುಹೋಗುವುದರಿಂದ, ಬರುವ ಹೊತ್ತಿಗೆ ಸರಿಯಾಗಿ ಬೀಸಿಟ್ಟ ಪುಡಿ ಕೊಡಲು ಸಾಧ್ಯವಾದದ್ದು ನಮಗೂ ಗಿರಾಕಿಗೂ ಆದ ದೊಡ್ಡ ಲಾಭ. ವಾರಕ್ಕೆ ಎಷ್ಟು ಬೀಜ ಹುರಿಯಬೇಕೆಂಬ ಅಂದಾಜೂ ಈಗ ಸಿಗುತ್ತದೆ.

ಖರ್ಚಿನ ವಿಷಯವನ್ನು ಮೊದಲೇ ತಿಳಿದುಕೊಳ್ಳಬೇಕು. ಇಂಥ ತಂತ್ರಾಂಶಗಳು ವಾಟ್ಸಾಪಿನ ಸಾಮಾನ್ಯ ಆ್ಯಪಿನ ಮೂಲಕವಲ್ಲ, ವ್ಯಾಪಾರಿಗಳಿಗಾಗಿರುವ ಪ್ರತ್ಯೇಕ ವ್ಯವಸ್ಥೆಯ ಮೂಲಕ ಸಂದೇಶ ಕಳಿಸುತ್ತವೆ. ಅಲ್ಲಿ ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಪ್ರಚಾರದ ಸಂದೇಶಕ್ಕೆ ದರ ಹೆಚ್ಚು. ಗಿರಾಕಿಯೇ ಮಾತು ಶುರು ಮಾಡಿದರೆ 24 ಗಂಟೆಯೊಳಗೆ ನಮ್ಮ ಮಾತಿನಲ್ಲೇ ಉತ್ತರಿಸಬಹುದು. ವಾಟ್ಸಾಪ್ ಇಲ್ಲದ ಹಿರಿಯರಿಗೆ ಎಸ್‌ಎಂಎಸ್ ಕಳಿಸಲು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಹೊರೆಯಿದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಗುಣಿತದ ಚಿಹ್ನೆಗಳೂ ಬೇರೆಯಾಗಿ ಎಣಿಕೆಯಾಗುವುದರಿಂದ ‘ಪುಡಿ’ ಎಂಬ ಎರಡಕ್ಷರದ ಪದ ಅಲ್ಲಿ ನಾಲ್ಕಾಗುತ್ತದೆ. ಆದರೂ ನಾವು ಕನ್ನಡದಲ್ಲೇ ಕಳಿಸುತ್ತೇವೆ, ಓದುವವರು ಕನ್ನಡದವರು.

ಮನಸ್ಸಿಗೆ ನೋವಾದ ಸಂಗತಿಯನ್ನೂ ಹೇಳಬೇಕು. ನಿವೃತ್ತ ಶಿಕ್ಷಕಿಯೊಬ್ಬರು ತಮಗೆ ಸಂದೇಶ ಬೇಡವೆಂದು ಕೌಂಟರಿನಲ್ಲಿ ಹೇಳಿದ್ದರು. ಬಿಲ್ಲಿನ ಭಾಗದಲ್ಲಿ ಅವರ ಹೆಸರಿನ ಮುಂದೆ ಅದನ್ನು ನಾನೇ ಗುರುತು ಹಾಕಿದೆ. ಎರಡು ವಾರದ ನಂತರ ಅವರು ಬಂದು, ಕನ್ನಡಕ ಏರಿಸಿ, ಫೋನನ್ನು ನನ್ನ ಮುಂದೆ ಹಿಡಿದು, “ಬೇಡ ಅಂತ ಹೇಳಿ ಹೋದ್ರೂ ಬರ್ತಾನೇ ಇದೆಯಲ್ಲಪ್ಪ” ಎಂದರು. ದೀಪಾವಳಿಯ ಒಂದೇ ಶುಭಾಶಯ ಎರಡು ಸಲ ಹೋಗಿತ್ತು. ಬಿಲ್ಲಿನ ಭಾಗದಲ್ಲಿ ಹಾಕಿದ ಗುರುತು ಸಂದೇಶದ ಭಾಗಕ್ಕೆ ದಾಟಿಯೇ ಇರಲಿಲ್ಲ. ಮೇಲಾಗಿ ಅವರ ನಂಬರ್ ಒಮ್ಮೆ +91 ಸೇರಿ, ಒಮ್ಮೆ ಸೇರದೆ, ಇಬ್ಬರು ಗಿರಾಕಿಗಳಾಗಿ ದಾಖಲಾಗಿತ್ತು. ಜೋಡಣೆ ಎಂದು ಹಣ ಪಡೆದ ಮೇಲೆ ಇದು ಸಣ್ಣ ತಪ್ಪಲ್ಲ. ಗಿರಾಕಿಯ ‘ಬೇಡ’ವನ್ನು ಒಂದೆಡೆ ಕೇಳಿ ಇನ್ನೊಂದೆಡೆ ಮರೆಯುವ ವ್ಯವಸ್ಥೆಗಿಂತ ತಂದೆಯವರ ನೋಟ್‌ಬುಕ್ಕೇ ಮೇಲು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯೂ ಒಪ್ಪಿಗೆಯನ್ನು ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು ಎನ್ನುತ್ತದೆ. ದೂರು ಕೊಟ್ಟ ಮೇಲೆ ಕಂಪನಿಯವರು ಗುರುತಿನ ತೊಂದರೆಯನ್ನು ಸರಿಪಡಿಸಿದರು. ಎರಡೆರಡು ದಾಖಲಾದ ನಂಬರುಗಳನ್ನು ನಾನು ಮತ್ತು ತಂಗಿ ಮೂರು ಭಾನುವಾರ ಕೂತು ಒಂದೊಂದಾಗಿ ಕೂಡಿಸಿದೆವು.

ಗಿರಾಕಿಗಳು ನೂರರ ಒಳಗಿದ್ದು, ಅವರೆಲ್ಲರ ಮುಖ ನಿಮಗೆ ನೆನಪಿದ್ದರೆ ಚಂದಾ ಕಟ್ಟಬೇಡಿ, ಉಚಿತ ಆ್ಯಪ್ ಸಾಕು. ಅದಕ್ಕಿಂತ ಹೆಚ್ಚಿದ್ದು, ನಮ್ಮಂತೆ ಅದೇ ವಸ್ತುವನ್ನು ತಿಂಗಳು ತಿಂಗಳು ಕೊಳ್ಳುವವರಾದರೆ ಜೋಡಣೆ ಹಣಕ್ಕೆ ತಕ್ಕದ್ದು. ಹಣ ಕಟ್ಟುವ ಮೊದಲು ನಿಮ್ಮದೇ ನಂಬರನ್ನು ಗಿರಾಕಿಯಾಗಿ ಸೇರಿಸಿ, ‘ಬೇಡ’ ಎಂದು ಗುರುತು ಹಾಕಿ, ಒಂದು ಸಂದೇಶ ಕಳಿಸಿ ನೋಡಿ. ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದೂ ಕೇಳಿ, ಏಕೆಂದರೆ ಆ ಹೆಸರುಗಳು ಅಂಗಡಿಯ ಆಸ್ತಿ. ನಾವು ಈ ವರ್ಷವೂ ಚಂದಾ ಕಟ್ಟಿದ್ದೇವೆ. ಪುಡಿ ಮುಗಿಯುವ ಮೊದಲು ಹೋಗುವ ಸಂದೇಶವನ್ನು ಉಳಿಸಿಕೊಂಡು, ಹಬ್ಬದ ಶುಭಾಶಯವನ್ನು ನಿಲ್ಲಿಸಿದ್ದೇವೆ.