ಅಮಿಗಾ ಆಡಿಸಲು ರಾಸ್ಪ್‌ಬೆರಿ ಪೈ 4: ಮೊದಲು ಅಡಾಪ್ಟರ್ ನೋಡಿ, ಆಮೇಲೆ ಫ್ಯಾನ್

ಕೆಲವು ವರ್ಷಗಳಿಂದ ನಮ್ಮ ಟಿವಿ ಹಿಂದೆ ರಾಸ್ಪ್‌ಬೆರಿ ಪೈ 4 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಕೂತಿದೆ. ಹಳೇ ಕಂಪ್ಯೂಟರ್‌ಗಳನ್ನು ಅನುಕರಿಸುವ ಎಮ್ಯುಲೇಟರ್ ಸಾಫ್ಟ್‌ವೇರ್ ಓಡಿಸುವುದು, ಅಂದರೆ ಅಮಿಬೆರಿಯಲ್ಲಿ ಅಮಿಗಾ 500, ವೈಸ್‌ನಲ್ಲಿ ಕಮೊಡೋರ್ 64, ಆಗಾಗ ಹಳೇ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್, ಅದಕ್ಕೆ ಇಷ್ಟೇ ಕೆಲಸ. ಹಳೇ ಕಂಪ್ಯೂಟರ್‌ಗಳ ಆಸೆ ಇರುವವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು. ಆದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುವ ಕಾಟ, ಅಂದರೆ ಥ್ರಾಟ್ಲಿಂಗ್, ಒಂದಿದೆ. ಅದನ್ನು ಸರಿಮಾಡಿಕೊಳ್ಳದೆ ಈ ಬೋರ್ಡ್ ಚೆನ್ನಾಗಿಲ್ಲ ಅನ್ನುವುದು ಅನ್ಯಾಯ.

ಅಮಿಗಾ 500 ಬಂದಿದ್ದು 1987ರಲ್ಲಿ. ಅದರ 68000 ಪ್ರೊಸೆಸರ್ ಓಡುವುದು ಸುಮಾರು 7 ಮೆಗಾಹರ್ಟ್ಸ್‌ನಲ್ಲಿ. ಪೈ 4ರಲ್ಲಿ 1.5 ಗಿಗಾಹರ್ಟ್ಸ್‌ನ ನಾಲ್ಕು ಕೋರ್ ಇವೆ. ಇಷ್ಟಿದ್ದೂ ಯಾಕೆ ಒದ್ದಾಡಬೇಕು ಅನಿಸುತ್ತದೆ ಅಲ್ವಾ? ಅಮಿಗಾದಲ್ಲಿ ಚಿತ್ರಕ್ಕೆ, ಸದ್ದಿಗೆ ಬೇರೆ ಬೇರೆ ಚಿಪ್‌ಗಳಿವೆ. ಅವೆಲ್ಲವನ್ನೂ ಎಮ್ಯುಲೇಟರ್ ತಾಳ ತಪ್ಪದಂತೆ ಒಟ್ಟಿಗೆ ನಡೆಸಬೇಕು, ಮತ್ತು ಆ ಭಾರದ ದೊಡ್ಡ ಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ. ವೇಗ ಇಳಿದರೆ ಮೊದಲು ಗೊತ್ತಾಗುವುದು ಕಿವಿಗೆ. ಸಂಗೀತದ ನಡುವೆ ಪಟಪಟ ಸದ್ದು, ಆಮೇಲೆ ಸ್ಕ್ರೋಲಿಂಗ್ ತಡವರಿಸುತ್ತದೆ.

'ಬಿಸಿಯಾಗಿದೆ, ಫ್ಯಾನ್ ಹಾಕು' ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಫ್ಯಾನ್‌ಗೆ ದುಡ್ಡು ಹಾಕುವ ಮೊದಲು ಟರ್ಮಿನಲ್‌ನಲ್ಲಿ vcgencmd get_throttled ಅನ್ನುವ ಕಮಾಂಡ್ ಕೊಟ್ಟು ನೋಡಿ. ನನಗೆ ಬಂದಿದ್ದು 0ಎಕ್ಸ್50005. ಕೊನೆಯ 5 ಅಂದರೆ ಈಗ ವೋಲ್ಟೇಜ್ ಸಾಲುತ್ತಿಲ್ಲ, ಅದಕ್ಕೇ ವೇಗ ಇಳಿದಿದೆ. ಎಡಗಡೆಯ 5 ಅಂದರೆ ಆನ್ ಮಾಡಿದ ಮೇಲೆ ಯಾವಾಗಲೋ ಹೀಗೆ ಆಗಿತ್ತು. ಕೊನೆಯಲ್ಲಿ 8 ಬಂದಿದ್ದರೆ ಶಾಖದ ಮಾತು. ಆ ಹೊತ್ತಿಗೆ ಚಿಪ್‌ನ ಬಿಸಿ 60 ಚಿಲ್ಲರೆ ಡಿಗ್ರಿ ಇತ್ತು, ಶಾಖಕ್ಕೆ ವೇಗ ಇಳಿಯುವುದು 80 ದಾಟಿದ ಮೇಲೆ.

ಬೋರ್ಡಿಗೆ ಸಿಗುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಹೋದರೆ ಈ ಎಚ್ಚರಿಕೆ ಬರುತ್ತದೆ, ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣುವುದೂ ಇದಕ್ಕೇ. ಸಾಮಾನ್ಯ ಫೋನ್ ಚಾರ್ಜರ್ 5 ವೋಲ್ಟ್ ಕೊಟ್ಟರೂ ತೆಳ್ಳನೆ ಕೇಬಲ್ ದಾಟುವಷ್ಟರಲ್ಲಿ ಒಂದಿಷ್ಟು ಕಮ್ಮಿಯಾಗಿರುತ್ತದೆ, ಅದರ ಮೇಲೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಬೇರೆ ಸಿಕ್ಕಿಸಿದರೆ ಕೇಳುವುದೇ ಬೇಡ. ಪೈ 4ಕ್ಕೆ ಅಂತಲೇ ಮಾಡಿರುವ ಅಡಾಪ್ಟರ್ 5.1 ವೋಲ್ಟ್, 3 ಆಂಪ್‌ದು. ಅದನ್ನು ಹಾಕಿದೆ, ಕಮಾಂಡ್ 0ಎಕ್ಸ್0 ತೋರಿಸಿತು, ಸಂಗೀತವೂ ಸರಿಹೋಯಿತು.

ಆಮೇಲೂ ಅಪರೂಪಕ್ಕೆ ಒಂದು ಪಟ್ ಅನ್ನುವ ಸದ್ದು ಉಳಿದಿತ್ತು. ಅದು ಗವರ್ನರ್, ಅಂದರೆ ಪ್ರೊಸೆಸರ್ ವೇಗ ಏರಿಸಿ ಇಳಿಸುವ ಸೆಟ್ಟಿಂಗ್, ಅದರ ಕೆಲಸ. ಆನ್‌ಡಿಮ್ಯಾಂಡ್‌ನಲ್ಲಿದ್ದರೆ ಕೆಲಸ ಕಮ್ಮಿ ಇದ್ದಾಗ ವೇಗ ಇಳಿಸುತ್ತದೆ, ಮತ್ತೆ ಏರಿಸುವಷ್ಟರಲ್ಲಿ ಸದ್ದು ಕೆಟ್ಟಿರುತ್ತದೆ. ಆಡುವಾಗ ಪರ್ಫಾರ್ಮೆನ್ಸ್‌ಗೆ ಹಾಕಿಬಿಡಿ.

ಶಾಖವನ್ನೂ ತೀರಾ ಕಡೆಗಣಿಸಬೇಡಿ. ನಮ್ಮ ಬಳ್ಳಾರಿಯ ಏಪ್ರಿಲ್‌ನಲ್ಲಿ ಕೋಣೆಯೇ ಕುದಿಯುತ್ತಿರುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ 80 ಮುಟ್ಟಲು ಜಾಸ್ತಿ ಹೊತ್ತು ಬೇಡ. ಚಿಪ್‌ಗೆ ತಾಗಿ ಕೂರುವ ಅಲ್ಯೂಮಿನಿಯಂ ಡಬ್ಬಿ ನನಗೆ ಸಾಕಾಗಿದೆ, ಫ್ಯಾನ್ ಬೇಕಾಗಿಲ್ಲ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ಮ್ಯಾಕ್ಸ್, ಅಂದರೆ ಆದಷ್ಟೂ ವೇಗವಾಗಿ ಓಡು, ಅಂತ ಬಿಡಬೇಡಿ, ಚಿಕ್ಕ ಆಟಕ್ಕೂ ಒಂದು ಕೋರ್ ಪೂರ್ತಿ ಉರಿಯುತ್ತದೆ. ವೈಸ್‌ನಲ್ಲಿ ಕಮೊಡೋರ್‌ನ ಸದ್ದಿನ ಚಿಪ್ ಅನುಕರಿಸುವ ರೀಸಿಡ್ ಭಾರ ಅನಿಸಿದರೆ ಹಗುರವಾದ ಫಾಸ್ಟ್‌ಸಿಡ್ ಇದೆ, ಆದರೆ ಸದ್ದಿನ ಸೊಗಸು ಕಮ್ಮಿಯಾಗುತ್ತದೆ, ನಾನಂತೂ ರೀಸಿಡ್ ಬಿಡಲ್ಲ.

ಇಷ್ಟೆಲ್ಲ ಮಾಡಿ, ಸದ್ದು ಶುದ್ಧವಾಗಿದ್ದೂ ಸ್ಕ್ರೋಲಿಂಗ್ ಮಾತ್ರ ತಡವರಿಸುತ್ತಿದ್ದರೆ ಪ್ರೊಸೆಸರ್‌ನ ದೂರಬೇಡಿ. ಯುರೋಪಿನ ಅಮಿಗಾ ಆಟಗಳು ಪಾಲ್ ಪದ್ಧತಿಯ ಟಿವಿಗೆ, 50 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 50 ಸಲ ಪರದೆ ಬದಲಾಗುವ ಲೆಕ್ಕಕ್ಕೆ ಬರೆದವು. ನಮ್ಮ ಹಳೇ ದೂರದರ್ಶನದ ಲೆಕ್ಕವೂ ಅದೇ. ಈಗಿನ ಮಾನಿಟರ್‌ಗಳು ಸಾಮಾನ್ಯವಾಗಿ 60ರಲ್ಲಿ ಓಡುತ್ತವೆ, ಎರಡೂ ತಾಳೆಯಾಗದೆ ಸ್ಕ್ರೋಲಿಂಗ್ ತಡವರಿಸುತ್ತದೆ. ನಿಮ್ಮದು 50 ತಗೊಳ್ಳುತ್ತದಾ ಅಂತ ಪೈ ಕೊಳ್ಳುವ ಮೊದಲೇ ನೋಡಿಕೊಳ್ಳಿ.