ವಿ-ಕ್ರಾಸ್, ಹೈಲಕ್ಸ್: ಹೆದ್ದಾರಿ, ಘಾಟಿ, ತೋಟದಲ್ಲಿ ಲೀಟರಿಗೆ ನಿಜಕ್ಕೂ ಎಷ್ಟು?

ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಅಥವಾ ಟೊಯೋಟಾ ಹೈಲಕ್ಸ್ ಕೊಳ್ಳಲು ಹೊರಟವರು ಮೊದಲು ಕೇಳುವುದೇ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು. ಇದಕ್ಕೆ ಒಂದೇ ಸಂಖ್ಯೆ ಹೇಳುವವರ ಮಾತನ್ನು ನೆಚ್ಚಿಕೊಳ್ಳಬೇಡಿ. ಒಂದೇ ವಿ-ಕ್ರಾಸ್ ಹಾಸನದ ಹೆದ್ದಾರಿಯಲ್ಲಿ ಲೀಟರಿಗೆ 15 ಕಿ.ಮೀ. ಹತ್ತಿರ ಓಡಬಲ್ಲದು, ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದೊಳಗೆ 7ಕ್ಕೆ ಇಳಿಯಬಲ್ಲದು. ಗಾಡಿ ಕೆಟ್ಟಿಲ್ಲ, ಕೆಲಸ ಬೇರೆ ಅಷ್ಟೆ. ಫೋರ್ ವೀಲ್ ಪಿಕಪ್ ಕೊಳ್ಳುವವರು ತಮ್ಮ ಗಾಡಿ ವರ್ಷದಲ್ಲಿ ಎಷ್ಟು ಹೊತ್ತು ಎಲ್ಲಿರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು.

ಎರಡೂ ಗಾಡಿಗಳು 5.3 ಮೀಟರ್ ಉದ್ದ, ಖಾಲಿ ಇದ್ದಾಗಲೇ ಎರಡು ಟನ್ನಿನ ಆಸುಪಾಸು ತೂಕ. ಈಗಿನ ವಿ-ಕ್ರಾಸ್‌ನಲ್ಲಿರುವುದು 1.9 ಲೀಟರ್ ಡೀಸೆಲ್ ಎಂಜಿನ್: 163 ಪಿಎಸ್, 2000ದಿಂದ 2500 ಆರ್‌ಪಿಎಂ ನಡುವೆ 360 ಎನ್‌ಎಂ ಟಾರ್ಕ್. 2016ರಲ್ಲಿ ಬಂದ ಮೊದಲ ವಿ-ಕ್ರಾಸ್‌ಗೆ 2.5 ಲೀಟರಿನದಿತ್ತು. ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಹೈಲಕ್ಸ್‌ಗೆ 2.8 ಲೀಟರ್, 204 ಪಿಎಸ್. ಮ್ಯಾನುಯಲ್ ಆದರೆ 420 ಎನ್‌ಎಂ, ಆಟೊಮ್ಯಾಟಿಕ್ ಆದರೆ 500. ಟ್ಯಾಂಕಿಗೆ 80 ಲೀಟರ್ ಹಿಡಿಯುತ್ತದೆ.

ಕಂಪನಿಯ ಟೈರು, ಸರಿಯಾದ ಗಾಳಿ, ಇಬ್ಬರು ಮೂವರು ಜನ, ಹಿಂದೆ ಒಂದಿಷ್ಟು ಸಾಮಾನು, ಎಸಿ ಚಾಲೂ. ಈ ಸ್ಥಿತಿಯಲ್ಲಿ ನಿರೀಕ್ಷಿಸಬಹುದಾದ್ದು ಸುಮಾರು ಹೀಗೆ. ಮ್ಯಾನುಯಲ್ ವಿ-ಕ್ರಾಸ್ 80–90 ವೇಗದಲ್ಲಿ 14–15, 110ರಲ್ಲಿ 11–12, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 9–10. ಆಟೊಮ್ಯಾಟಿಕ್ ಹೈಲಕ್ಸ್ ಅದೇ ಕ್ರಮದಲ್ಲಿ 12–13, 10ರ ಹತ್ತಿರ, ಊರೊಳಗೆ 8ರ ಸುತ್ತ. ಹೈಲಕ್ಸ್‌ನ ಮ್ಯಾನುಯಲ್ ಇದಕ್ಕಿಂತ ಒಂದು ಕಿ.ಮೀ. ಮೇಲಿರುತ್ತದೆ. ಮೀಟರ್ ಪರದೆಯ ಸರಾಸರಿಯನ್ನು ಇದಕ್ಕೆ ಹೋಲಿಸಬೇಡಿ, ಅದು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ.

ಈ ಅಂಕಿಗಳಲ್ಲಿ ಗಮನಿಸಬೇಕಾದ್ದು ಗಾಡಿಗಾಡಿಗಳ ನಡುವಿನ ಅಂತರಕ್ಕಿಂತ 80ಕ್ಕೂ 110ಕ್ಕೂ ಇರುವ ಅಂತರ. ಪಿಕಪ್‌ನ ಮುಖ ಅಗಲ, ಎತ್ತರ. ಹಿಂದಿನ ತೊಟ್ಟಿ ತೆರೆದಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 110ರಲ್ಲಿ ಅದು 80ರಲ್ಲಿರುವುದರ ಸುಮಾರು 1.9 ಪಟ್ಟಾಗುತ್ತದೆ. ಟೈರಿನ ಉರುಳುವ ತಡೆ ಅಷ್ಟು ಏರುವುದಿಲ್ಲ. ಎರಡನ್ನೂ ಕೂಡಿಸಿದರೆ ಒಂದು ಕಿ.ಮೀ. ದಾಟಲು ಬೇಕಾಗುವ ಶಕ್ತಿ ಸುಮಾರು ಒಂದೂವರೆ ಪಟ್ಟು. ಹಳದಿ ಬೋರ್ಡಿನ ಪಿಕಪ್‌ಗಳಿಗೆ ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿರುತ್ತದಲ್ಲ, ಅವುಗಳ ಮಾಲೀಕರು ಹೇಳುವ ಮೈಲೇಜ್ ಬಿಳಿ ಬೋರ್ಡಿನವರಿಗೆ ಸಿಗದಿರುವುದಕ್ಕೆ ದೊಡ್ಡ ಕಾರಣವೇ ಇದು. ಬೆಂಗಳೂರು–ಮೈಸೂರು ರಸ್ತೆಯಲ್ಲಿ 110ರ ಬದಲು 90ರಲ್ಲಿ ಹೋದರೆ ತಡವಾಗುವುದು ಅರ್ಧ ಗಂಟೆಯೊಳಗೆ. ಉಳಿಯುವುದು ಎರಡು ಲೀಟರಿನಷ್ಟು ಡೀಸೆಲ್.

ಗಾಳಿಯ ವಿಷಯ ಬಂದಾಗಲೇ ಇನ್ನೊಂದು ಮಾತು. ಹಿಂದಿನ ಬಾಗಿಲು ಇಳಿಸಿ ಓಡಿಸಿದರೆ ಗಾಳಿ ಸರಾಗವಾಗಿ ಹೋಗಿ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ಸರಿಯಲ್ಲ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನಿಲ್ಲುತ್ತದೆ. ಮೇಲಿನ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಬಾಗಿಲು ಇಳಿಸಿದರೆ ಆ ಸುಳಿ ಒಡೆದು ತಡೆ ಹೆಚ್ಚುವುದೇ ಸಾಮಾನ್ಯ. ತೊಟ್ಟಿಗೆ ಬಿಗಿಯಾದ ಚಪ್ಪಟೆ ಮುಚ್ಚಳ ಹಾಕಿಸಿದರೆ ಹೆದ್ದಾರಿಯಲ್ಲಿ ಸ್ವಲ್ಪ ಲಾಭವಿದೆ. ಸಡಿಲವಾಗಿ ಕಟ್ಟಿದ ಟಾರ್ಪಾಲಿನ್ ಪಟಪಟ ಬಡಿಯುತ್ತಿದ್ದರೆ ನಷ್ಟ. ಚಾವಣಿಯ ಮೇಲೆ ಖಾಲಿ ಕ್ಯಾರಿಯರ್, ಸಾಲು ದೀಪ, ಬಿಚ್ಚದ ಟೆಂಟ್ ಹೊತ್ತು ತಿರುಗುವ ಗಾಡಿಗಳು 100ರ ಮೇಲೆ ಲೀಟರಿಗೆ ಒಂದು ಕಿ.ಮೀ. ಕಳೆದುಕೊಂಡರೆ ಆಶ್ಚರ್ಯವಿಲ್ಲ.

ಘಾಟಿಯ ಲೆಕ್ಕ ಬೇರೆ. ಸಂಪಾಜೆ ಕಡೆಯಿಂದ ಮಡಿಕೇರಿಗೆ ಏರುವಾಗ ಗಾಡಿ ಹೆಚ್ಚುಕಡಿಮೆ ಒಂದು ಕಿ.ಮೀ. ಎತ್ತರ ಹತ್ತುತ್ತದೆ. 900 ಮೀಟರ್ ಎಂದೇ ಹಿಡಿಯಿರಿ. 2200 ಕೆ.ಜಿ.ಯ ಗಾಡಿಯನ್ನು ಅಷ್ಟು ಮೇಲೆತ್ತಲು ಡೀಸೆಲ್ಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಚಕ್ರಕ್ಕೆ ಸಿಗುತ್ತದೆಂದು ಎಣಿಸಿದರೆ, ಸಮತಟ್ಟು ರಸ್ತೆಗೆ ಬೇಕಾಗುವುದರ ಮೇಲೆ ಸುಮಾರು 1.6 ಲೀಟರ್ ಬೇಕು. ಅದರ ಮೇಲೆ 300 ಕೆ.ಜಿ. ಗೊಬ್ಬರದ ಚೀಲ ಹೇರಿದರೆ ಆ ಏರಿಗೆ ಹೆಚ್ಚಾಗುವುದು ಕಾಲು ಲೀಟರಿಗೂ ಕಡಿಮೆ. ‘ಲೋಡ್ ಹಾಕಿದರೆ ಮೈಲೇಜ್ ಬಿದ್ದೇಹೋಗುತ್ತೆ’ ಎನ್ನುವುದು ಘಾಟಿಗಿಂತಲೂ ನಿಂತು ಹೊರಡುವ ಊರಿನ ರಸ್ತೆಗೆ ಹೆಚ್ಚು ಹೊಂದುವ ಮಾತು. ಅಲ್ಲಿ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಅಷ್ಟು ತೂಕಕ್ಕೆ ಕೊಟ್ಟ ವೇಗ ಶಾಖವಾಗಿ ಹೋಗುತ್ತದೆ.

ಏರಿನಲ್ಲಿ ಈ ಎರಡು ಎಂಜಿನ್‌ಗಳ ಗುಣ ಚೆನ್ನಾಗಿ ಕಾಣುತ್ತದೆ. ಹೈಲಕ್ಸ್ ಆಟೊಮ್ಯಾಟಿಕ್‌ನ 500 ಎನ್‌ಎಂ 1600 ಆರ್‌ಪಿಎಂಗೇ ಕೈಗೆ ಬರುತ್ತದೆ. ತಿರುವಿನಿಂದ ಹೊರಬಂದ ಮೇಲೆ ಗೇರ್ ಇಳಿಸುವ ಅಗತ್ಯ ಕಡಿಮೆ. ವಿ-ಕ್ರಾಸ್‌ನ 1.9 ಎಂಜಿನ್ 1800ರ ಕೆಳಗೆ ಸಿಕ್ಕಿಬಿದ್ದರೆ ಟರ್ಬೊ ಏಳುವವರೆಗೆ ತಿಣುಕುತ್ತದೆ. ಮೈಲೇಜ್ ಬರಲೆಂದು ನಾಲ್ಕನೇ ಗೇರಿನಲ್ಲೇ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿಯುವುದು ಉಳಿತಾಯವಲ್ಲ, ಎಂಜಿನ್ನಿಗೂ ಒಳ್ಳೆಯದಲ್ಲ. ಮೂರಕ್ಕೆ ಇಳಿಸಿ 2000–2500ರ ನಡುವೆ ಇಟ್ಟುಕೊಂಡರೆ ಕಡಿಮೆ ತುಳಿತದಲ್ಲಿ ಏರುತ್ತದೆ. ಹೀಗಾಗಿ ಭಾರ ಹೇರಿಕೊಂಡು ಶಿರಾಡಿ, ಚಾರ್ಮಾಡಿ ಹತ್ತುವಾಗ ಎರಡರ ಮೈಲೇಜ್ ಹತ್ತಿರ ಹತ್ತಿರ ಬರುತ್ತದೆ. ಊರೊಳಗೆ ಆ ಅಂತರ ಮತ್ತೆ ಹಿಗ್ಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಕಾಮನ್ ರೈಲ್ ಎಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಡೀಸೆಲ್ ಸುಡುತ್ತಲೇ ಇರುತ್ತದೆ, ಜೊತೆಗೆ ಎಂಜಿನ್ ಬ್ರೇಕ್ ಇಲ್ಲದೆ ಬ್ರೇಕ್ ಕಾಯುತ್ತದೆ.

ಮೈಲೇಜನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು, ಮತ್ತು ಮೈಲೇಜಿನ ಲೆಕ್ಕವನ್ನೂ ಕೆಡಿಸುವುದು, ಟೈರು. ವಿ-ಕ್ರಾಸ್‌ಗೆ ಕಂಪನಿ ಕೊಡುವುದು 255/60 ಆರ್18. ಎತ್ತರ ಸುಮಾರು 763 ಮಿ.ಮೀ. ಇದಕ್ಕೆ 265/65 ಆರ್18 ಹಾಕಿಸಿದರೆ ಎತ್ತರ 802 ಮಿ.ಮೀ. ಆಗುತ್ತದೆ, ಶೇ 5ರಷ್ಟು ಹೆಚ್ಚು. ಓಡೊಮೀಟರ್‌ಗೆ ಇದು ಗೊತ್ತಿರುವುದಿಲ್ಲ. ಅದು 500 ತೋರಿಸಿದಾಗ ಗಾಡಿ ಓಡಿದ್ದು 525. 42 ಲೀಟರ್ ಕುಡಿದಿದ್ದರೆ ನಿಮ್ಮ ಲೆಕ್ಕದಲ್ಲಿ 11.9, ನಿಜದಲ್ಲಿ 12.5. ಟೈರ್ ಬದಲಿಸಿದ ಕೂಡಲೇ ‘ಮೈಲೇಜ್ ಬಿತ್ತು’ ಎನ್ನುವುದರಲ್ಲಿ ಒಂದು ಪಾಲು ಈ ತಪ್ಪು ಲೆಕ್ಕ. ಜಿಪಿಎಸ್‌ನಲ್ಲಿ ನೇರ ಹೆದ್ದಾರಿಯ 50 ಕಿ.ಮೀ. ಅಳೆದು ಓಡೊಮೀಟರ್ ಜೊತೆ ಹೋಲಿಸಿ, ಸಿಕ್ಕ ಅನುಪಾತದಿಂದ ಪ್ರತಿ ಸಲ ಗುಣಿಸಿ.

ಉಳಿದ ಪಾಲು ನಿಜವಾದ ನಷ್ಟ. ಆಲ್ ಟೆರೇನ್ ಟೈರಿನ ದಪ್ಪ ಬ್ಲಾಕ್‌ಗಳು ಉರುಳುವಾಗ ಹೆಚ್ಚು ಮಡಿಯುತ್ತವೆ, ಒಂದೊಂದು ಟೈರಿಗೂ ಕೆಲವು ಕೆ.ಜಿ. ತೂಕ ಹೆಚ್ಚು. ಶೇ 5ರಿಂದ 8ರಷ್ಟು ಮೈಲೇಜ್ ಇದಕ್ಕೆ ಬಿಟ್ಟುಕೊಡಬೇಕು. ಮಡ್ ಟೆರೇನ್ ಆದರೆ ಶೇ 10 ದಾಟುತ್ತದೆ, ಹೆದ್ದಾರಿಯಲ್ಲಿ ಸದ್ದು ಬೇರೆ. ದೊಡ್ಡ ಟೈರಿನಿಂದ ಗೇರಿಂಗ್ ಕೂಡ ಉದ್ದವಾಗುವುದರಿಂದ 1.9 ಎಂಜಿನ್ ಘಾಟಿಯಲ್ಲಿ ಇನ್ನೊಂದು ಗೇರ್ ಇಳಿಯಬೇಕಾಗುತ್ತದೆ, 2.8ಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ. ಮಲೆನಾಡಿನ ಜಾರು ಕೆಮ್ಮಣ್ಣಿಗೆ ಕಂಪನಿ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿಸುವುದು ಸಾಕು. ವರ್ಷದಲ್ಲಿ ಹತ್ತು ದಿನ ಕೆಸರಿಗಿಳಿಯುವ ಗಾಡಿಗೆ ಮಡ್ ಟೆರೇನ್ ಬೇಡ. ಕೆಸರಿನಲ್ಲಿ ಹಿಡಿತಕ್ಕೆಂದು ಗಾಳಿ 20 ಪಿಎಸ್‌ಐಗೆ ಇಳಿಸಿದವರು ಡಾಂಬರಿಗೆ ಬಂದ ತಕ್ಷಣ ಚಾಲಕನ ಬಾಗಿಲಿನ ಕಂಬದ ಮೇಲೆ ಬರೆದಿರುವ ಒತ್ತಡಕ್ಕೆ ತುಂಬಿಸಬೇಕು. ಅದಕ್ಕೆ ಗಾಡಿಯಲ್ಲೇ ಒಂದು 12 ವೋಲ್ಟ್ ಕಂಪ್ರೆಸರ್ ಇರಲಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಮೈಲೇಜ್ ಹೋಗುವುದಲ್ಲದೆ ಟೈರಿನ ಪಕ್ಕ ಕಾದು ಒಡೆಯುವ ಅಪಾಯವಿದೆ.

ಅಳೆಯುವ ಕ್ರಮ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಒಂದೇ ಬಂಕ್, ಆದಷ್ಟೂ ಒಂದೇ ಪಂಪು, ಗಾಡಿ ಸಮತಟ್ಟಾಗಿ ನಿಂತಿರಬೇಕು. ನಾಝಲ್ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಮೊದಲ ಕಟ್‌ಗೇ ನಿಲ್ಲಿಸಿ, ಗಾಡಿ ಅಲ್ಲಾಡಿಸಿ ಇನ್ನಷ್ಟು ತುಂಬಿಸಬೇಡಿ. ಡೀಸೆಲ್ ನೊರೆ ಏಳುವುದರಿಂದ ಒಂದು ಸಲಕ್ಕೆ ಒಂದೂವರೆ ಲೀಟರಿನ ಹೆಚ್ಚುಕಮ್ಮಿ ಸಹಜ. 40 ಲೀಟರಿಗೆ ಅದು ಶೇ 4ರ ತಪ್ಪು. ಮೂರು ಟ್ಯಾಂಕ್‌ಗಳ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ತಪ್ಪು ಶೇ 1ರ ಹತ್ತಿರಕ್ಕೆ ಬರುತ್ತದೆ.

ತೋಟದೊಳಗಿನ ಓಡಾಟಕ್ಕೆ ಮಾತ್ರ ಕಿ.ಮೀ. ಲೆಕ್ಕ ಬಿಟ್ಟು ಗಂಟೆಗೆ ಎಷ್ಟು ಲೀಟರ್ ಎಂದು ನೋಡಿ. 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ನಿಧಾನದ ಗೇರು) ಹಾಕಿ ಗಂಟೆಗೆ ಎಂಟು ಹತ್ತು ಕಿ.ಮೀ. ತೆವಳುವಾಗ, ಆಳುಗಳು ಚೀಲ ಹೇರುವವರೆಗೆ ಎಂಜಿನ್ ಚಾಲೂ ಇಟ್ಟು ನಿಂತಾಗ, ಕಿ.ಮೀ. ಸಂಖ್ಯೆಗೆ ಅರ್ಥವಿಲ್ಲ. ಎಸಿ ಹಾಕಿ ನಿಂತ ಗಾಡಿಯೇ ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯುತ್ತದೆ. ಚೀಲ ಹೇರುವಾಗ ಎಂಜಿನ್ ಆಫ್ ಮಾಡುವುದು ಇಲ್ಲಿ ಸಿಗುವ ದೊಡ್ಡ ಉಳಿತಾಯ. ಕೆಸರು ದಾಟಿದ ಮೇಲೆ 2ಎಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ ಎಳೆತ) ಮರಳುವುದನ್ನು ಮರೆಯಬೇಡಿ: ಈ ಗಾಡಿಗಳಲ್ಲಿ ನಡುವೆ ಡಿಫರೆನ್ಷಿಯಲ್ (ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಡಾಂಬರಿನ ಮೇಲೆ 4ಎಚ್‌ನಲ್ಲಿ ತಿರುಗಿದರೆ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಡೀಸೆಲ್, ಟೈರು, ಟ್ರಾನ್ಸ್‌ಫರ್ ಕೇಸ್ ಮೂರೂ ಸವೆಯುತ್ತವೆ.

ಬರೀ ತೋಟ–ಮನೆ–ಸಂತೆ ಎಂದು ಐದಾರು ಕಿ.ಮೀ. ಓಡುವ ಬಿಎಸ್6 ಗಾಡಿಗಳಿಗೆ ಇನ್ನೊಂದು ಕಾಟ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರಲ್ಲಿ ಕೂಡಿಕೊಂಡ ಮಸಿಯನ್ನು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ 600 ಡಿಗ್ರಿಯಷ್ಟು ಶಾಖದಲ್ಲಿ ಸುಡುತ್ತದೆ. ಆಗ ಐಡ್ಲಿಂಗ್ ತುಸು ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಪರದೆಯ ತತ್‌ಕ್ಷಣದ ಮೈಲೇಜ್ ಕುಸಿಯುತ್ತದೆ. ಅರ್ಧದಲ್ಲಿ ಎಂಜಿನ್ ನಿಲ್ಲಿಸಿದರೆ ಮುಂದಿನ ಸಲ ಮತ್ತೆ ಶುರು. ಹೀಗೆ ಪದೇ ಪದೇ ಆದರೆ ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಹೆಚ್ಚಾಗಿದ್ದರೆ ಹಿಗ್ಗಬೇಡಿ, ತೆಳ್ಳಗಾಗಿದೆ ಎಂದರ್ಥ; ಬೇಗ ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ 60ರ ಮೇಲಿನ ವೇಗದಲ್ಲಿ, 2000 ಆರ್‌ಪಿಎಂ ಸುತ್ತ ಓಡಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಮೈಲೇಜ್ ಇದ್ದಕ್ಕಿದ್ದಂತೆ ಒಂದೆರಡು ಕಿ.ಮೀ. ಬಿದ್ದರೆ ಇಂಜೆಕ್ಟರ್ ಕಡೆ ಕೈಹಾಕುವ ಮೊದಲು ಬ್ರೇಕ್ ನೋಡಿ. ಎರಡೂ ಗಾಡಿಗಳ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್. ಕೆಸರು ಒಳಗೆ ಸೇರಿ ಒಣಗಿದರೆ ಬ್ರೇಕ್ ಶೂ ಹಿಡಿದುಕೊಳ್ಳುತ್ತದೆ. ಮುಂದೆ ಕ್ಯಾಲಿಪರ್‌ನ ಜಾರುವ ಪಿನ್ ತುಕ್ಕು ಹಿಡಿಯುತ್ತದೆ. ಹೆಚ್ಚು ಬ್ರೇಕ್ ಒತ್ತದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡನ್ನು ಒಂದಕ್ಕೊಂದು, ಹಿಂದಿನ ಎರಡನ್ನು ಒಂದಕ್ಕೊಂದು ಹೋಲಿಸಿ; ಜೋಡಿಯಲ್ಲಿ ಒಂದು ಮಾತ್ರ ಕಾದಿದ್ದರೆ ಅಲ್ಲಿದೆ ಕಳ್ಳ. ಆಮೇಲೆ ಏರ್ ಫಿಲ್ಟರ್: ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಫಿ ಕುಯ್ಲಿನ ಧೂಳಿಗೆ ಸರ್ವಿಸ್ ಪುಸ್ತಕದ ಅವಧಿ ಸಾಲದು. ನಂತರ ವೀಲ್ ಅಲೈನ್‌ಮೆಂಟ್.

ಈಗ ದುಡ್ಡಿನ ಮಾತು. ವರ್ಷಕ್ಕೆ 15,000 ಕಿ.ಮೀ., ವಿ-ಕ್ರಾಸ್‌ಗೆ 12, ಹೈಲಕ್ಸ್‌ಗೆ 10 ಎಂದುಕೊಂಡರೆ ಅಂತರ 250 ಲೀಟರ್. ಲೀಟರಿಗೆ 90 ರೂಪಾಯಿಯಂತೆ 22,500 ರೂಪಾಯಿ. ಹೈಲಕ್ಸ್‌ನ ಬೆಲೆಯೇ ಕೆಲವು ಲಕ್ಷ ಹೆಚ್ಚಿರುವುದರಿಂದ ಡೀಸೆಲ್ ಖರ್ಚು ಅದನ್ನು ಬಿಡುವುದಕ್ಕಾಗಲೀ ಕೊಳ್ಳುವುದಕ್ಕಾಗಲೀ ಮುಖ್ಯ ಕಾರಣವಾಗಬಾರದು. ಭಾರ ಹೇರಿಕೊಂಡು ವಾರ ವಾರ ಘಾಟಿ ಹತ್ತುವವರಿಗೆ, ದೊಡ್ಡ ಟೈರ್ ಹಾಕಿಸಲೇಬೇಕು ಎನ್ನುವವರಿಗೆ, ಹಿಂದಿನ ಡಿಫರೆನ್ಷಿಯಲ್ ಲಾಕ್ ಬೇಕಾದವರಿಗೆ ಹೈಲಕ್ಸ್ ಆಟೊಮ್ಯಾಟಿಕ್ ಸರಿ; ಊರೊಳಗಿನ 8 ಕಿ.ಮೀ.ಗೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಹೆದ್ದಾರಿಯ ಓಡಾಟವೇ ಹೆಚ್ಚು, ತೋಟಕ್ಕೆ ತಿಂಗಳಿಗೆ ಕೆಲವು ಸಲ ಎನ್ನುವವರಿಗೆ ಮ್ಯಾನುಯಲ್ ವಿ-ಕ್ರಾಸ್, ಕಂಪನಿ ಅಳತೆಯ ಟೈರ್. ದಿನದಲ್ಲಿ ಹತ್ತು ಕಿ.ಮೀ. ಕೂಡ ಓಡದೆ, 50ರ ವೇಗ ದಾಟದೆ, ಬರೀ ತೋಟದೊಳಗೆ ದುಡಿಯುವ ಗಾಡಿ ಬೇಕಿದ್ದವರು ಈ ಎರಡನ್ನೂ ಬಿಟ್ಟು ಫೋರ್ ವೀಲ್ ಬೊಲೆರೊ ಕ್ಯಾಂಪರ್ ನೋಡುವುದು ಮೇಲು.